ಸಿಂಫನಿ ಬರೆದ ಬೋರ್ಡು

ಹಲಸೂರಿನ ಮುನಿಆಂಜನಪ್ಪ ಕ್ಲಾರಿನೆಟ್ ಊದಿದರೆ ಕೆರೆಯ ಬಾತುಗಳು ಸಾಲಾಗಿ ದಡಕ್ಕೆ ಬರುತ್ತವೆ. ನಾನೇ ಎಣಿಸಿದ್ದೇನೆ, ನಲವತ್ತು. ಮೊಮ್ಮಗಳು ನಂಬುವುದಿಲ್ಲ, ನಾಲ್ಕು ಎಂದರೂ ನಂಬುವುದಿಲ್ಲ. ಇರಲಿ. ಆರು ಜನರ ಮದುವೆ ಬ್ಯಾಂಡು ಅವನದು. ಎಲ್ಲರೂ ಕಿವಿಯಲ್ಲಿ ಕೇಳಿಯೇ ಕಲಿತವರು. ಬಾಡಿಗೆ ಮನೆಗಳಿವೆ, ಊದಲೇಬೇಕೆಂದಿಲ್ಲ. ಊದದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ.

ಬ್ಯಾಂಡಿನ ತಳ್ಳುಗಾಡಿಗೆ ಬೋರ್ಡು ಬರೆದವನು ನಾನು. ಶಿವಾಜಿನಗರದಲ್ಲಿ ನಾನು ಬರೆಯದ ಬೋರ್ಡೇ ಇರಲಿಲ್ಲ. ಹೋದ ವರ್ಷ ಹೊಸದು ಬರೆಯುವಾಗ ಎಡಗಡೆ ಜಾಗ ಉಳಿಯಿತು. ಚೆಂದಕ್ಕಿರಲಿ ಎಂದು ‘ಸಿಂಫನಿ’ ಎಂದು ತುಂಬಿಸಿ, ಕೆಳಗಿನ ಮೂಲೆಯಲ್ಲಿ ವಾಡಿಕೆಯಂತೆ ನನ್ನ ಹೆಸರು ಹಾಕಿದೆ.

“ಹಂಗಂದ್ರೇನೋ?” ಎಂದ ಮುನಿಆಂಜನಪ್ಪ.

ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. “ಎಲ್ರೂ ಒಂದೇ ಸಲ, ದಮ್ಮಿದ್ದಷ್ಟೂ ಊದೋದು ಕಣೋ. ಫಾರಿನ್ನಲ್ಲಿ ಹಂಗೇ.”

ಅಷ್ಟು ಮೆತ್ತಗೆ ಊದುತ್ತಿದ್ದವನು ಅಂದಿನಿಂದ ಟ್ರಂಪೆಟ್ಟಿನ ಸಲ್ಮಾನನಿಗೆ “ಇನ್ನೂ ಜೋರು ಗುರು, ಸಿಂಫನಿ!” ಎಂದು ಕೂಗತೊಡಗಿದ.

ಇಂದಿರಾನಗರದಲ್ಲೊಂದು ಆರತಕ್ಷತೆ. ಊಟಕ್ಕೆ ನಾನೂ ಹೋಗಿದ್ದೆ. ಮದುಮಗಳ ಸೋದರತ್ತೆ ಸುಕನ್ಯ ಪಿಯಾನೋ ಕಲಿಸುವ ಮೇಡಂ. ಬೋರ್ಡು ಓದಿ ಮುನಿಆಂಜನಪ್ಪನ ಹತ್ತಿರ ಬಂದರು.

“ಸಿಂಫನಿ ನುಡಿಸ್ತೀರಾ? ಯಾವ್ದು?”

“ಎಲ್ಲಾನೂ ಮೇಡಂ. ಎಲ್ರೂ ದಮ್ಮಿದ್ದಷ್ಟೂ ಊದಿದ್ರೆ ಅದೇ ಸಿಂಫನಿ!”

ಸುತ್ತಲಿದ್ದವರು ಗೊಳ್ಳೆಂದರು.

“ಯಾರ್ರೀ ಹಾಗಂದಿದ್ದು?”

ಅವನು ನನ್ನ ಕಡೆ ತಿರುಗಿದ. ನಾನೂ ನಗುತ್ತಿದ್ದೆ. ಹೌದು, ಎಲ್ಲರಿಗಿಂತ ಜೋರಾಗಿ.

“ಯಾರೂ ಇಲ್ಲ ಮೇಡಂ. ನಾನೇ ಅಂದ್ಕೊಂಡೆ.”

ಕೈಯಲ್ಲಿದ್ದ ಜಾಮೂನಿನ ಬಟ್ಟಲು ಕೆಳಗಿಟ್ಟೆ.

ಮೇಡಂ ಮಾತ್ರ ನಗಲಿಲ್ಲ. “ದೊಡ್ಡ ವಾದ್ಯವೃಂದಕ್ಕೆ ಬರೆದ ಸಂಗೀತ ರೀ ಅದು. ಒಬ್ಬೊಬ್ರದು ಒಂದೊಂದು ದಾರಿ. ಒಬ್ರು ನುಡಿಸ್ವಾಗ ಇನ್ನೊಬ್ರು ಕಾಯ್ತಾರೆ. ಕೇಳೋರಿಗೆ ಎಲ್ಲಾ ಸೇರಿ ಒಂದೇ.”

ಮರುದಿನ ಬೆಳಿಗ್ಗೆ ಟರ್ಪೆಂಟೈನ್ ಬಟ್ಟೆ ಹಿಡಿದು ಬ್ಯಾಂಡಿನವರ ತಾಲೀಮಿಗೆ ಹೋದೆ. “ಆ ಪದದ ಬಣ್ಣ ಹೋಗಿದೆ ಕಣೋ, ಅಳಿಸ್ಬಿಡ್ತೀನಿ,” ಎಂದು ಹಲ್ಲು ಕಿರಿದೆ.

“ಬಿಡು, ಇರ್ಲಿ. ಕಲೀತಿದ್ದೀವಿ.”

ಹಾಗಾದರೆ ಎಂದು ಮೂಲೆಯ ನನ್ನ ಹೆಸರನ್ನು ಉಜ್ಜತೊಡಗಿದೆ.

“ಅದ್ಯಾಕೋ?”

“ಸುಳ್ಳು ಅರ್ಥ ಹೇಳಿದ್ದು ನಾನು. ನಕ್ಕಿದ್ದೂ ನಾನೇ.”

“ಗೊತ್ತು,” ಎಂದ. ಕ್ಲಾರಿನೆಟ್ ಎತ್ತಿಕೊಂಡು, “ಸಲ್ಮಾನ್, ನೀನು ಸ್ವಲ್ಪ ಕಾಯಿ,” ಎಂದು ನನ್ನತ್ತ ತಿರುಗಿದ. “ನೀನೂ ಅಷ್ಟೇ. ಕೂತ್ಕೊಂಡು ಸುಮ್ನೆ ಕೇಳು.”

ಕೂತೆ. ಎರಡು ಗಂಟೆ ತುಟಿ ಬಿಚ್ಚಲಿಲ್ಲ. ಸರಿ, ಹತ್ತು ನಿಮಿಷ.