ಹಿಡಿಕೆಯ ಮೇಲಿನ ಎರಡು ತಗ್ಗು

ಅಣ್ಣಿಗೇರಿಯ ಒಂದು ತರಬೇತಿ ಕೇಂದ್ರದಲ್ಲಿ ನಾನು ಕಂಪ್ಯೂಟರಿನಲ್ಲಿ ಬಿಡಿಭಾಗಗಳ ವಿನ್ಯಾಸ ಕಲಿಸುತ್ತೇನೆ. ಮೇಲ್ಮೈಗಳನ್ನು ಒಂದಕ್ಕೊಂದು ಕೂಡಿಸುವುದು, ಹೆಚ್ಚಾದದ್ದನ್ನು ಕತ್ತರಿಸುವುದು, ಇದೇ ಪಾಠ. ಕೂಡಿಸಿದ ಕಡೆ ಕೂದಲೆಳೆಯಷ್ಟು ಸಂದು ಉಳಿದರೂ ಕಂಪ್ಯೂಟರ್ ಅದನ್ನು ಗಟ್ಟಿ ವಸ್ತುವೆಂದು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ, ಸಂದು ಬಿಟ್ಟವರಿಗೆ ಮುಖ ಮೂತಿ ನೋಡದೆ ಬೈಯುತ್ತೇನೆ.

ಮೊರಬದ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಂಗಸರ ಗುಂಪಿನಲ್ಲಿ ಒಬ್ಬಾಕೆಯ ಬಲಗೈಯ ಕೊನೆಯ ಎರಡು ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿದ್ದವು. ಕಳೆ ಕೀಳಲು ಹಿಡಿದ ಕುರ್ಪಿ ಜಾರುತ್ತಿತ್ತು. ಗೆಳತಿಯರು ಅವಳನ್ನು ಬದುವಿನ ಮೇಲೆ ಕೂರಿಸಿ, ಅವಳ ಪಾಲಿನ ಸಾಲನ್ನೂ ತಾವೇ ಮುಗಿಸುತ್ತಿದ್ದರು. ಅವರದು ಪ್ರೀತಿಯೇ. ಆದರೆ ಅವಳಿಗೆ ಅದು ಸೇರುತ್ತಿರಲಿಲ್ಲ.

“ಕೂತು ಕೂತು ಸಾಕಾಗೇತ್ರಿ. ನನ್ನ ಸಾಲು ನಾನ ತೆಗೀಬೇಕು,” ಎಂದಳು.

ಕೈಗೆ ಹೊಂದುವ ಹಿಡಿಕೆ ಮಾಡಿಕೊಡುತ್ತೇನೆಂದು ಹೇಳಿದೆ. ಕೋಲಿಗೆ ಹಸಿ ಯರಿಮಣ್ಣು ಮೆತ್ತಿ, ಅವಳಿಂದ ಬಿಗಿಯಾಗಿ ಹಿಡಿಸಿ, ಆ ಅಚ್ಚನ್ನು ಸ್ಕ್ಯಾನ್ ಮಾಡಿದೆ. ಬೆರಳಿಲ್ಲದ ಕಡೆ ಮಣ್ಣು ಉಬ್ಬಿ ಅಂಕುಡೊಂಕಾಗಿತ್ತು. ನನ್ನ ಕಣ್ಣಿಗೆ ಅದು ಹಿಡಿಸಲಿಲ್ಲ; ಕತ್ತರಿಸಿ ತೆಗೆದೆ. ಅಲ್ಲಿ ಬಿದ್ದ ಕಿಂಡಿಗೆ ಪಕ್ಕದ ಎರಡು ಬೆರಳಿನ ತಗ್ಗನ್ನೇ ನಕಲು ಮಾಡಿ ಕೂಡಿಸಿದೆ. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿತು. ನನಗೆ ನಾನೇ ಶಭಾಷ್ ಎಂದುಕೊಂಡೆ.

ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಹಿಡಿಕೆಯನ್ನು ಕುರ್ಪಿಗೆ ಕೂರಿಸಿ ಕೊಟ್ಟೆ. ಅವಳು ಹಿಡಿದು ನೋಡಿದಳು. ಆಮೇಲೆ ಎಡಗೈ ಬೆರಳಿನಿಂದ ಕೊನೆಯ ಎರಡು ತಗ್ಗುಗಳನ್ನು ಸವರಿದಳು.

“ಇವು ಯಾರಿಗ್ರೀ, ಸರ?”

ಎದುರಿಗಿದ್ದ ಕೈಯನ್ನು ಬಿಟ್ಟು, ಇಲ್ಲದ ಬೆರಳಿಗೆ ಜಾಗ ಮಾಡಿದ್ದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

“ತಪ್ಪಾತವ್ವಾ,” ಎಂದೆ.

“ಇರ್ಲಿ ಬಿಡ್ರಿ. ಮಣ್ಣಾಗ ಹಿಡದಾಗ ಅಲ್ಲೊಂದು ಉಬ್ಬು ಇತ್ತಲ್ರಿ? ಅದು ಅಂಗೈಗೆ ಅಗದಿ ಬರೋಬ್ಬರಿ ಕೂತಿತ್ತು.”

ನಾನು ಕಸವೆಂದು ಕತ್ತರಿಸಿದ ಭಾಗವೇ ಅವಳ ಹಿಡಿತವಾಗಿತ್ತು. ಹಳೆಯ ಸ್ಕ್ಯಾನಿನಿಂದ ಅದನ್ನೇ ತಂದು ಕೂಡಿಸಿದೆ. ಅಂಚು ಹೊಂದಿಸಲು ಎರಡು ದಿನ ಹೆಣಗಾಡಿದೆ. ಡೊಂಕನ್ನು ಮಾತ್ರ ಮುಟ್ಟಲಿಲ್ಲ.

ಮುಂದಿನ ವಾರ ಹೊಲಕ್ಕೆ ಹೋದಾಗ ಅವಳು ಹೊಸ ಹಿಡಿಕೆಯ ಕುರ್ಪಿ ಹಿಡಿದು ಕಳೆ ತೆಗೆಯುತ್ತಿದ್ದಳು, ಎಲ್ಲರಿಗಿಂತ ಹಿಂದೆ. ತನ್ನ ಸಾಲು ಮುಗಿಸಿದ ಗೆಳತಿಯೊಬ್ಬಳು ಸಹಾಯಕ್ಕೆಂದು ಬಂದು ಬಗ್ಗಿದಳು.

“ಅತ್ತಾಗ ಸರಿ ಬೇ,” ಎಂದು ಇವಳು ಗದರಿದಳು. “ಇದು ನನ್ನ ಸಾಲು.”