ಟಾರ್ಚ್ ಓರೆ ಹಿಡಿದಾಗ ಕಂಡದ್ದು

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಗಂಗಾವತಿಯ ನಮ್ಮ ಮನೆಯ ಬೆಲ್ ಸದ್ದು ಮಾಡಿತು. ಮೂರಕ್ಕೆ ಬರುತ್ತೇನೆ ಎಂದವನು ಬರಲಿಲ್ಲವಲ್ಲ ಎಂದು ಆಗಷ್ಟೇ ಗಡಿಯಾರ ನೋಡಿದ್ದೆ. ಆ ಮುಳ್ಳುಗಳು ಇನ್ನೂ ಕಣ್ಣ ಮುಂದಿವೆ.

ಆತ ಬಂದದ್ದು ಒಂದು ಕಾರ್ಡ್ ನೋಡಲು. 1997ರಲ್ಲಿ ಬಬಲ್ ಗಮ್ ಜೊತೆ ನನಗೆ ಸಿಕ್ಕ ಪೈಲ್ವಾನನ ಕಾರ್ಡ್. ಹಿಂಬದಿ ತಲೆಕೆಳಗಾಗಿ ಅಚ್ಚಾಗಿದೆ. ಇಂಥ ತಪ್ಪಿಗೇ ಬೆಲೆ ಜಾಸ್ತಿಯಂತೆ. (ನಮ್ಮ ತಪ್ಪುಗಳಿಗೂ ಹೀಗೇ ಇದ್ದಿದ್ದರೆ!) ವಿದೇಶದ ಕಂಪನಿಗೆ ಗ್ರೇಡಿಂಗ್‌ಗೆ ಕಳಿಸಿದರೆ ಮೂಲೆ, ಅಂಚು, ಮೇಲ್ಮೈ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಕಳಿಸಲೋ ಬೇಡವೋ? ಆನ್‌ಲೈನ್ ಗುಂಪೊಂದರಲ್ಲಿ ಕೇಳಿದ್ದೆ. ಕುಷ್ಟಗಿ ಕಡೆಯವನೆಂದು ಹೇಳಿಕೊಂಡ ಒಬ್ಬ, ಬಂದು ನೋಡಿ ಹೇಳುತ್ತೇನೆ ಎಂದಿದ್ದ.

ಮೆದು ಮಾತಿನ ಮನುಷ್ಯ. ಭೂತಗನ್ನಡಿಯನ್ನೂ ತಂದಿದ್ದ. ಅವ್ವ ಕೈತೊಳೆಯಲು ಹಿತ್ತಲಿಗೆ ಕರೆದೊಯ್ದಳು.

"ಆ ಬಾಗಲಕ್ಕ ಚಿಲಕನ ಇಲ್ಲಪಾ. ನಮ್ಮ ಬೆಕ್ಕು ನೂಕ್ಕೊಂಡು ಬರತೈತಿ."

"ಹಗಲೆಲ್ಲಾ ಒಬ್ಬಾಕಿಗೇ ಬ್ಯಾಸರಾಗಂಗಿಲ್ಲೇನ ಬೇ ಯವ್ವಾ?" ಎಂದ ಆತ.

"ನಾಳಿ ಹತ್ತಕ್ಕ ಮಗಾ ಸೊಸಿ ಇಬ್ರೂ ಡ್ಯೂಟಿಗೆ ಹೊಕ್ಕಾರ. ಆಮ್ಯಾಲ ನಾನೂ, ಬೆಕ್ಕೂ."

ಎಲ್ಲರೂ ನಕ್ಕೆವು. ಆತನೂ.

ಒಳಗೆ ಬಂದು ಕುಳಿತವನು, "ಪಾಯಿಂಟ್ಸ್ ಬರಕೋತೀನ್ರಿ ಸರ" ಎಂದ. ತೊಡೆಯ ಮೇಲೆ ಕಾರ್ಡ್, ಕಾರ್ಡಿನ ಮೇಲೆ ಚೀಟಿ, ಚೀಟಿಯ ಮೇಲೆ ಬಾಲ್‌ಪೆನ್! ನನ್ನ ಜೀವ ಚುರ್ ಎಂದಿತು. ಕಾರ್ಡ್ ಬಲ್ಲವನು ಹೀಗೆ ಮಾಡುತ್ತಾನೆಯೇ? ಕೇಳಲು ಸಂಕೋಚವಾಯಿತು. (ಚಹಾ ಕೊಟ್ಟು ಕೂರಿಸಿದವನನ್ನು ಗದರುವುದು ಹೇಗೆ?)

"ಕಳಸಬ್ಯಾಡ್ರಿ, ಹತ್ತಕ್ಕ ಆರೂ ಬರಂಗಿಲ್ಲ" ಎಂದು ಎದ್ದು ಹೋದ.

ಗೀರು ಬಿದ್ದಿದೆಯೇ ನೋಡೋಣ ಎಂದು ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಮೇಲ್ಮೈ ಪರೀಕ್ಷಿಸುವುದೇ ಹಾಗೆ. ಪೈಲ್ವಾನನ ಎದೆಯ ಮೇಲೆ, ಪೆನ್ನು ಒತ್ತಿದ ಕಡೆಯಲ್ಲೆಲ್ಲ ನೆರಳಿನ ಅಕ್ಷರಗಳು ಎದ್ದವು.

'ಸೋಮವಾರ 11. ಮುದಿಕಿ ಒಬ್ಬಾಕಿ. ಹಿತ್ತಲ ಬಾಗಲಾ, ಚಿಲಕ ಇಲ್ಲ.'

ಟಾರ್ಚ್ ನೇರ ಮಾಡಿದರೆ ಏನೂ ಇಲ್ಲ. ಓರೆ ಮಾಡಿದರೆ ಮತ್ತೆ ಅದೇ. ನಾನು ಕಾರ್ಡಿನ ಮೂಲೆಗಳ ಚಿಂತೆಯಲ್ಲಿದ್ದೆ. ಆತ ನಮ್ಮ ಮನೆಯ ಮೂಲೆಗಳನ್ನು ನೋಡುತ್ತಿದ್ದ.

ನನ್ನ ಹೆಂಡತಿ ಶೈಲಾ ಓದಿದವಳೇ ಎದ್ದಳು. ಹೋಗಿ ಹಿತ್ತಲ ಬಾಗಿಲಿಗೆ ಅಕ್ಕಿ ಚೀಲ ಎಳೆದು ಒತ್ತಿಟ್ಟಳು. ಅವ್ವನಿಗೆ ಹೇಳಲಿಲ್ಲ. ಬೆಕ್ಕಿನ ಕಾಟ ಎಂದು ನೆಪ ಹೇಳಿ ಸಂಜೆಯೇ ಬಡಿಗ ಮೌನೇಶಪ್ಪನನ್ನು ಕರೆಸಿದೆ. "ಬೆಕ್ಕಿಗೆ ಇಷ್ಟು ದೊಡ್ಡ ಚಿಲಕೇನ್ರಿ ಸರ? ಹುಲಿ ಸಾಕೀರೇನು?" ಎಂದು ನಗುತ್ತಲೇ ಜಡಿದ.

ಸೋಮವಾರ ಅವ್ವನನ್ನು ನೆರೆಮನೆಗೆ ಕಳಿಸಿ, ನಾವಿಬ್ಬರೂ ರಜೆ ಹಾಕಿ ಅಡುಗೆಮನೆಯಲ್ಲಿ ಕುಳಿತೆವು. ಹನ್ನೊಂದು ದಾಟಿ ಏಳು ನಿಮಿಷ. ಹಿತ್ತಲ ಬಾಗಿಲು ಮೆಲ್ಲಗೆ ಒಳಕ್ಕೆ ಜಗ್ಗಿತು. ಯಾರೂ ತಟ್ಟಲಿಲ್ಲ. ಅಂಗೈಯಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿದಂತೆ. ಚಿಲಕ ಕಿರ್ ಎಂದಿತು. ಆಮೇಲೆ ಅದೇ ಮೆದು ದನಿ.

"ಯವ್ವಾ... ನಿನ್ನ ಬೆಕ್ಕು ಹೊರಗೈತಿ. ಬಾಗಲಾ ತಗಿ ಬೇ."

ಬೆಕ್ಕು ಶೈಲಾಳ ಮಡಿಲಲ್ಲಿತ್ತು.

ಪೊಲೀಸರಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಹಿತ್ತಲು ಖಾಲಿ.

ಹತ್ತು ರಾತ್ರಿ ನಾನೂ ಶೈಲಾಳೂ ಸರದಿಯಂತೆ ಎದ್ದು ಚಿಲಕ ಮುಟ್ಟಿ ನೋಡಿದೆವು. "ಎಷ್ಟು ಸಲ ಏಳ್ತೀರೋ, ಸಕ್ಕರಿ ಕಾಯಿಲಿ ಬಂದೈತೇನು?" ಎಂದಳು ಅವ್ವ. ಬಾಗಿಲು ಭದ್ರವಾಗಿತ್ತು. ಆ ದನಿ ಮಾತ್ರ ಒಳಗೇ ಇತ್ತು.

ಮರುವಾರದ ಗುರುವಾರ ಠಾಣೆಯಿಂದ ಕರೆ. ಯಲಬುರ್ಗಾದ ಇನ್ನೊಂದು ಮನೆಯ ಹಿತ್ತಲಲ್ಲಿ ಆತ ಸಿಕ್ಕಿಬಿದ್ದಿದ್ದ. ಜೇಬಿನಲ್ಲಿ ನಮ್ಮ ಮನೆಯ ಚೀಟಿ. ಕಾರ್ಡ್ ಹಿಡಿದು ಠಾಣೆಗೆ ಹೋದೆ. ಸಾಹೇಬರು ಅದನ್ನು ಕಾರ್ಡಿನ ಮೇಲಿಟ್ಟು ಟಾರ್ಚ್ ಹಾಕಿದರು. ಅಕ್ಷರಕ್ಕೆ ಅಕ್ಷರ ಕೂತಿತು. "ಸಾಕ್ಷಿಗೆ ಬೇಕ್ರಿ ಸರ ಇದು" ಎಂದು ಎರಡನ್ನೂ ಸೇರಿಸಿ ಸ್ಟೇಪ್ಲರ್ ಒತ್ತಿದರು. ಪಿನ್ ನೇರ ಪೈಲ್ವಾನನ ಹಣೆಗೆ! ನಾನು ಬೇಡ ಎನ್ನಲಿಲ್ಲ.

ಆ ಗುರುವಾರ ರಾತ್ರಿ ಮಲಗಿದ ನಾವು ಹಾಲಿನವನು ಬಾಗಿಲು ಬಡಿದಾಗಲೇ ಎದ್ದದ್ದು.

ಈಗ ಹೇಳಿ, ಆ ಕಾರ್ಡಿಗೆ ನೀವು ಹತ್ತಕ್ಕೆ ಎಷ್ಟು ಕೊಡುತ್ತೀರಿ?