ಊರಿನ ವಿಮಾನಕ್ಕೆ ಗಿಣಿ ಕೆತ್ತಿದ ಹುಡುಗಿ

೧೯೩೦ರ ದಶಕದ ಮೊದಲ ವರ್ಷಗಳು. ಸೊಲ್ಲಾಪುರದವನಾದ ನಾನು ಅಕ್ಕಲಕೋಟೆ ಸೀಮೆಯ ಚಪಳಗಾಂವದ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದಿದ್ದೆ. ಮಕ್ಕಳಿಗೆ ಓದು-ಬರಹದ ಜೊತೆ ಒಂದು ಕೈಕಸಬನ್ನೂ ಕಲಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಸುತ್ತಲಿನ ಶಾಲೆಯವರು ನೂಲು ತೆಗೆಯುವ ನಾಲ್ಕು ತಕಲಿ ತರಿಸಿ ಕೈತೊಳೆದುಕೊಂಡರು. ನನಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ನಾಗಣಸೂರಿನ ಮೋನಪ್ಪ ಬಡಿಗೇರರನ್ನು ಕರೆತಂದು ಮರಗೆತ್ತನೆಯ ತರಗತಿ ತೆರೆದೆ. ವಾಡೆಗಳ ಬಾಗಿಲ ಚೌಕಟ್ಟಿಗೆ ಬಳ್ಳಿ, ಕಮಲ, ಗಿಣಿ ಕೆತ್ತುವುದರಲ್ಲಿ ಆ ಮನುಷ್ಯ ಹೆಸರುವಾಸಿ. ಸಿಟ್ಟಿಗೂ ಅಷ್ಟೇ ಹೆಸರುವಾಸಿ.

ಮೋನಪ್ಪನವರು ಹೊಸಬರ ಕೈಗೆ ಹೊಸ ಕಟ್ಟಿಗೆ ಕೊಡುತ್ತಿರಲಿಲ್ಲ. ಯಾರೂ ದಿನಾ ಬಳಸದ ಹಳೆಯ ಸಾಗವಾನಿ ಹುಡುಕಿರಿ, ಮೊದಲು ಅದರ ಮೇಲೆ ಉಳಿ ಹಿಡಿದು ಕೈ ಪಳಗಿಸಿರಿ ಎಂದು ಮಕ್ಕಳಿಗೆ ಹೇಳಿದರು. ಮುರಿದ ಪೆಟ್ಟಿಗೆ, ತೊಟ್ಟಿಲ ಕಾಲು, ಕಿತ್ತುಹೋದ ಬಾಗಿಲ ಹಲಗೆ ಎಲ್ಲ ಶಾಲೆಗೆ ಬಂದವು. ನನಗೆ ಖುಷಿಯೋ ಖುಷಿ.

ಒಂದು ಬೆಳಿಗ್ಗೆ ಮಠದ ಆಳು ಓಡಿಬಂದ. ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಮಠದ ಹಿಂದಿನ ಕೋಣೆ ತೋರಿಸಿದ. ಅಲ್ಲಿದ್ದದ್ದು ಊರಿನ ವಿಮಾನ. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡ್ರಿಸಿ ಒಯ್ಯುತ್ತಾರೆ; ಅದಕ್ಕಾಗಿ ಊರವರೆಲ್ಲ ಸೇರಿ ಮಾಡಿಸಿಟ್ಟ ಸಾಗವಾನಿ ಆಸನವದು. ಸಾವಿನ ದಿನ ಬಿಟ್ಟರೆ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಈಗ ಅದರ ಬೆನ್ನಿನ ಹಲಗೆಗೆ ಬಳ್ಳಿ ಹಬ್ಬಿತ್ತು, ಬಲಗೈ ಇಡುವಲ್ಲಿ ಒಂದು ಗಿಣಿ ಕೂತಿತ್ತು. ಶಿವಶಿವಾ!

ಮಧ್ಯಾಹ್ನದೊಳಗೆ ಊರಿಗೆ ಊರೇ ಮಠದ ಅಂಗಳದಲ್ಲಿ ನೆರೆಯಿತು. ಹೆಣದ ಕಟ್ಟಿಗೆ ಮುಟ್ಟಿದ ಮಕ್ಕಳು ಬದುಕಿ ಉಳಿಯುವುದಿಲ್ಲವೆಂದು ತಾಯಂದಿರು ಬಾಯಿ ಬಾಯಿ ಬಡಿದುಕೊಂಡರು. ಊರಿನ ಮುಖ್ಯಸ್ಥರಾದ ಪಾಟೀಲರು ಒಂದೇ ಮಾತಿನಲ್ಲಿ ಮುಗಿಸಿದರು: ಇಂದಿಗೆ ತರಗತಿ ಬಂದ್, ಬಡಿಗೇರ ಊರು ಬಿಡಬೇಕು. ಮೋನಪ್ಪನವರು ತಲೆ ಎತ್ತಲಿಲ್ಲ. ಈ ಸುದ್ದಿ ಹಬ್ಬಿದರೆ ಸುತ್ತಲಿನ ಹಳ್ಳಿಯಲ್ಲಿ ಯಾವ ಮನೆಯವರೂ ಅವರನ್ನು ಬಾಗಿಲು ಕೆತ್ತಲು ಕರೆಯುತ್ತಿರಲಿಲ್ಲ.

ಕೆತ್ತಿದವಳು ಗಾಣಿಗರ ನೀಲವ್ವ, ನಮ್ಮ ಶಾಲೆಯ ಹುಡುಗಿ. ಗೊತ್ತಿಲ್ಲದೆ ಮಾಡಿದೆಯಲ್ಲವೇನವ್ವಾ ಎಂದು, ಪಾರಾಗುವ ದಾರಿಯನ್ನು ನಾನೇ ತೋರಿಸಿ ಕೇಳಿದೆ. ಆಕೆ ಆ ದಾರಿ ಹಿಡಿಯಬೇಕಲ್ಲ!

“ಗೊತ್ತಿತ್ರಿ. ನಮ್ಮ ಮುತ್ಯಾ ಹೋದಾಗ ಅದು ಬೋಳ ಇತ್ತು. ಛಲೋ ಕಾಣಲಿಲ್ರಿ.”

ಆಕೆ ತನ್ನ ಅಜ್ಜನ ಮಾತು ಮುಗಿಸುವಷ್ಟರಲ್ಲಿ ಪಾಟೀಲರ ತಾಯಿ ಸಂಗಮ್ಮ ಕೋಲೂರುತ್ತ ಬಂದರು. ಎಂಬತ್ತು ದಾಟಿದ ಜೀವ, ಊರೆಲ್ಲ ಹೆದರುವ ಬಾಯಿ. ಇನ್ನು ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಆಕೆ ಯಾರ ಕಡೆಗೂ ನೋಡದೆ ಕೋಣೆಗೆ ನಡೆದು, ಕೋಲು ಬದಿಗಿಟ್ಟು, ವಿಮಾನದಲ್ಲಿ ಕೂತುಬಿಟ್ಟರು.

ಜೀವ ಇದ್ದವರು ಅದರಲ್ಲಿ ಕೂತದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಕೋಣೆಯ ಬಾಗಿಲಿಗೆ ಮುತ್ತಿದ ಹೆಂಗಸರು ಕಣ್ಣು ಮುಚ್ಚಿಕೊಂಡರು. ಪಾಟೀಲರ ಮುಖ ಬಿಳಿಚಿಕೊಂಡಿತು. ಏಳು ಯವ್ವಾ ಎಂದು ಗೋಗರೆಯತೊಡಗಿದರು. ಮುದುಕಿ ಆರಾಮಾಗಿ ಬೆನ್ನು ಆನಿಸಿ, ಗಿಣಿಯ ಮೇಲೆ ಕೈಯಾಡಿಸಿ, ನೀಲವ್ವನನ್ನು ಹತ್ತಿರ ಕರೆದರು.

“ಇದಕ್ಕ ಕಾಲ ಇಲ್ಲಲ್ಲ ತಂಗಿ. ನಾ ಹೋಗೂದ್ರಾಗ ಮುಗಸ್ತಿಯಿಲ್ಲೋ?”

ಗಿಣಿ ಮುಗಿಯುವ ತನಕ ತರಗತಿ ನಡೆಯಬೇಕು, ಬಡಿಗೇರನೇ ಕಲಿಸಬೇಕು ಎಂದು ಮಗನಿಗೆ ಅಲ್ಲಿಂದಲೇ ಹೇಳಿದರು. ಅಂಥ ಜಾಗದಲ್ಲಿ ಕೂತು ಆಡಿದ ತಾಯಿಯ ಮಾತು ಮೀರುವ ಧೈರ್ಯ ಯಾವ ಮಗನಿಗಿದ್ದೀತು?

ಗಿಣಿಗೆ ಕಾಲು ಬಂತು, ರೆಕ್ಕೆಗೆ ಗೆರೆ ಬಂತು. ಮರುವರ್ಷ ಸಂಗಮ್ಮ ಅದೇ ವಿಮಾನದಲ್ಲಿ, ಗಿಣಿಯ ಮೇಲೆ ಬಲಗೈ ಇಟ್ಟುಕೊಂಡು ಹೋದರು. ಗಿಣಿಯೂ ಮುಗಿದಿತ್ತು, ನಮ್ಮ ಬೆನ್ನಿಗೆ ನಿಂತ ಮುದುಕಿಯೂ ಹೋಗಿದ್ದರು. ತರಗತಿಯ ಆಯುಷ್ಯ ಅಂದಿಗೆ ಮುಗಿಯಿತೆಂದೇ ತಿಳಿದು, ಮಣ್ಣು ಮುಗಿಸಿ ಬಂದ ಪಾಟೀಲರ ಮುಂದೆ ನಿಂತು, ನಾಳೆಯಿಂದ ತರಗತಿಗೆ ಸುಟ್ಟಿ ಕೊಡಲೇ, ರಜೆ ಸಾರಲೇ ಎಂದು ಕೇಳಿದೆ. ಅವರ ಕಣ್ಣು ತುಂಬಿದ್ದವು.

“ಸುಟ್ಟಿ ಬ್ಯಾಡ್ರಿ ಮಾಸ್ತರ. ಎಡಕ ಇನ್ನೂ ಗಿಣಿ ಇಲ್ಲ. ನನ್ನ ಪಾಳಿ ಬರೂದ್ರಾಗ ಮುಗೀಲಿ.”

ಮಕ್ಕಳಿಗೆ ಕಸಬು ಕಲಿಸುವುದು ಮಾಸ್ತರನ ಕೈಯಲ್ಲಿದೆ. ಊರು ಅದನ್ನು ಎಲ್ಲಿಟ್ಟು ತನ್ನದು ಮಾಡಿಕೊಳ್ಳುತ್ತದೆ ಎಂಬುದು ಅವನ ಕೈಯಲ್ಲಿಲ್ಲ. ನೌಕರಿ ನನಗೆ ಕಲಿಸಿದ್ದು ಇಷ್ಟು.